ದೇವಾಲಾದ ಚಿನ್ನದ ಗುಂಡಿ ಯಾಕೆ ತೋರಿಸಲ್ಲ ಅಂದರೆ

ಮೇ ತಿಂಗಳು ಬಂತೆಂದರೆ ಗೂಡಲೂರಿನ ನಮ್ಮ ಮನೆಗೆ ಗುಂಡ್ಲುಪೇಟೆಯ ನೆಂಟರು ಬರುತ್ತಾರೆ. ಊಟಿಯಲ್ಲಿ ಹೂವಿನ ಪ್ರದರ್ಶನ, ಕೂನೂರಿನಲ್ಲಿ ಹಣ್ಣಿನದು, ಕೋಟಗಿರಿಯಲ್ಲಿ ತರಕಾರಿಯದು. ನಮ್ಮೂರಿನ ಪಾಲಿಗೆ ಮಸಾಲೆ ಪದಾರ್ಥದ್ದು. ಏಲಕ್ಕಿ, ಮೆಣಸು, ಲವಂಗ, ಜಾಯಿಕಾಯಿ ಜೋಡಿಸಿ ಏನೇನೋ ಆಕಾರ ಮಾಡಿ ನಿಲ್ಲಿಸುತ್ತಾರೆ. ಮನೆಗೆ ವಾಪಸ್ ಬಂದರೂ ಬಟ್ಟೆಯಲ್ಲಿ ಪಲಾವಿನ ವಾಸನೆ.

ಕಳೆದ ಸಲ ಅದೆಲ್ಲ ಮುಗಿಸಿ, ಸೂಜಿಮಲೆಯ ಮೇಲಿಂದ ಮುದುಮಲೆ ಕಾಡು ನೋಡಿ, ನಡುಕಾಣಿಯಲ್ಲಿ ಟೀ ಕುಡಿಯುತ್ತಿದ್ದಾಗ ಭಾವ ಕೇಳಿದರು: "ಇಲ್ಲೆಲ್ಲೋ ಚಿನ್ನದ ಗಣಿ ಇದೆಯಂತಲ್ಲ, ಅದನ್ನ ತೋರಿಸಲ್ವೇನಪ್ಪಾ?"

"ಇಲ್ಲ ಭಾವ" ಅಂದೆ. ಅವರು ಕೇಳಿದ್ದು ನಮ್ಮೂರಿನ ಹತ್ತಿರದ ದೇವಾಲಾದ ಹಳೇ ಗುಂಡಿಗಳನ್ನು. ಕಾರಣ ಹೇಳಲು ಹೊರಟರೆ ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕಿತ್ತು.

ನೀಲಗಿರಿಯ ಈ ಪಡುವಣ ಮೂಲೆ ಮೊದಲು ಮಲಬಾರ್ ಜಿಲ್ಲೆಯ ವೈನಾಡಿನಲ್ಲಿತ್ತು. 1877ರಲ್ಲಿ ನೀಲಗಿರಿಗೆ ಸೇರಿಸಿದರು. ಕನ್ನಡ ಇಲ್ಲಿಗೆ ಹೊಸದಲ್ಲ. ಇಲ್ಲಿನ ಜಮೀನುದಾರರಾಗಿದ್ದ ನೆಲ್ಲಿಯಾಳಂ ಅರಸು ಮನೆತನದವರು ಕನ್ನಡದ ಲಿಂಗಾಯತರು. ಚಾಮರಾಜನಗರದ ಉಮ್ಮತ್ತೂರಿನಿಂದ ಅಣ್ಣ ತಮ್ಮ ಇಬ್ಬರು ಬಂದು, ಮೊದಲು ಕಲ್ಹಟ್ಟಿ ಹತ್ತಿರದ ಮಲೈಕೋಟೆಯಲ್ಲಿ ನೆಲೆಸಿದರು ಎಂಬ ಹೇಳಿಕೆ ಇದೆ. ಈಗ ದೇವಾಲಾ, ಪಂದಲೂರು ಎರಡೂ ಸೇರಿರುವ ಪುರಸಭೆಗೂ ನೆಲ್ಲಿಯಾಳಂ ಎಂದೇ ಹೆಸರು.

ಚಿನ್ನ ಇರುವುದು ಇಲ್ಲಿಯ ಕುರುಂಬರಿಗೆ, ಪಣಿಯರಿಗೆ ಬಿಳಿಯರಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಬೆಣಚುಕಲ್ಲಿನ ಎಳೆ ಹಿಡಿದು ಗುಂಡಿ ತೋಡುವುದು, ಕಲ್ಲನ್ನು ಕುಟ್ಟಿ ಪುಡಿ ಮಾಡುವುದು, ಮರದ ಮರಿಗೆಯಲ್ಲಿ ನೀರು ಹಾಕಿ ಕುಲುಕುವುದು. ಹಗುರ ಮಣ್ಣು ನೀರಿನ ಜೊತೆ ಹೋಗುತ್ತದೆ, ಭಾರದ ಚಿನ್ನ ತಳದಲ್ಲಿ ಉಳಿಯುತ್ತದೆ. ದಿನವಿಡೀ ದುಡಿದರೆ ಕೂಲಿಯಷ್ಟು ಹುಟ್ಟಿದರೆ ಹುಟ್ಟಿತು.

ಇದು ದೊಡ್ಡ ದಂಧೆಯಾಗಲು ಕಾಫಿ ಕಾರಣ ಅಂದರೆ ಭಾವ ನಂಬಲಿಲ್ಲ. ಆಗ ವೈನಾಡಿನ ಕಾಫಿ ತೋಟಗಳು ಕಾಂಡ ಕೊರೆಯುವ ಹುಳ, ಎಲೆರೋಗದಿಂದ ಹಾಳಾಗಿದ್ದವು. ತೋಟದ ದೊರೆಗಳು ಸಾಲದಲ್ಲಿದ್ದರು. 1874ರಲ್ಲಿ ಆಲ್ಫಾ ಎಂಬ ಚಿನ್ನದ ಕಂಪನಿ ಶುರುವಾಗಿತ್ತು, ಅಷ್ಟೇನೂ ಫಲ ಸಿಕ್ಕಿರಲಿಲ್ಲ. 1879ರಲ್ಲಿ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬ್ರೌ ಸ್ಮಿತ್ ಎಂಬ ಗಣಿ ತಜ್ಞನನ್ನು ಕರೆಸಿತು. ಅವನ ವರದಿಯಲ್ಲಿ ಎಲ್ಲೆಲ್ಲೂ ಚಿನ್ನ. ಲಂಡನ್ನಿನಲ್ಲಿ ಎರಡು ವರ್ಷದೊಳಗೆ ಮೂವತ್ತಕ್ಕೂ ಹೆಚ್ಚು ಕಂಪನಿ ಹುಟ್ಟಿದವು. ಕಾಗದದ ಮೇಲಿನ ಬಂಡವಾಳ 40 ಲಕ್ಷ ಪೌಂಡು! ಮುಳುಗಿದ್ದ ಕಾಫಿ ತೋಟವನ್ನು 'ಚಿನ್ನದ ಭೂಮಿ' ಎಂದು ಮಾರಿ ಬಚಾವಾದ ದೊರೆಗಳೇ ಈ ಕಥೆಯಲ್ಲಿ ಗೆದ್ದವರು ಅಂತ ನನ್ನ ಲೆಕ್ಕ.

ಪಂದಲೂರಿಗೆ ಹೋಟೆಲ್ ಬಂತು, ಕುದುರೆ ಪಂದ್ಯದ ಮೈದಾನ ಬಂತು. ಕಲ್ಲು ಕುಟ್ಟುವ ಉಕ್ಕಿನ ಯಂತ್ರಗಳನ್ನು ಘಾಟಿ ಹತ್ತಿಸಿ ತಂದರು. ಮಳೆ ಬಂತು, ವೈನಾಡಿನ ಚಳಿಜ್ವರವೂ ಬಂತು. ಚಿನ್ನ ಮಾತ್ರ ಬರಲಿಲ್ಲ. ಪರೀಕ್ಷೆಗೆ ಕಳಿಸಿದ ಕಲ್ಲಿನಲ್ಲಿ ಕಂಡದ್ದು ಯಂತ್ರಕ್ಕೆ ಹಾಕಿದ ಕಲ್ಲಿನಲ್ಲಿ ಇರಲಿಲ್ಲ. ಎರಡು ಮೂರು ವರ್ಷದಲ್ಲಿ ಅಂಗಡಿ ಬಂದ್.

ನಮ್ಮ ಮನೆಯ ಕಿಟಕಿಯ ಮೇಲೆ ಅಂಗೈಯಗಲದ ಒಂದು ಬೆಣಚುಕಲ್ಲು ಇದೆ. ಅಜ್ಜ ತಂದಿಟ್ಟದ್ದು. ಹಾಲುಬಿಳುಪಿನ ನಡುವೆ ತುಕ್ಕಿನ ಗೆರೆ, ಗೆರೆಯಲ್ಲಿ ಹಿತ್ತಾಳೆ ಬಣ್ಣದ ಪುಟ್ಟ ಪುಟ್ಟ ಘನಗಳು. ಬೆಳಗಿನ ಬಿಸಿಲು ಬಿದ್ದರೆ ಮಿಣಮಿಣ ಅನ್ನುತ್ತದೆ. ಅದು ಚಿನ್ನ ಅಲ್ಲ, ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್. ಈ ಸೀಮೆಯಲ್ಲಿ ಒಳ್ಳೇ ಚಿನ್ನ ಇಂಥ ಪೈರೈಟಿನೊಳಗೇ ಸಿಕ್ಕಿಕೊಂಡಿರುತ್ತದೆ. ಆಗಿನವರ ಹತ್ತಿರ ಇದ್ದದ್ದು ಪಾದರಸ. ಬಿಡಿ ಚಿನ್ನವಾದರೆ ಪಾದರಸಕ್ಕೆ ಅಂಟುತ್ತದೆ, ಪೈರೈಟಿನೊಳಗಿನದು ಅಂಟುವುದಿಲ್ಲ. ಅದನ್ನು ಬಿಡಿಸುವ ಸಯನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅಷ್ಟೊತ್ತಿಗೆ ಇಲ್ಲಿ ಬಹುತೇಕ ಎಲ್ಲರೂ ಗಂಟುಮೂಟೆ ಕಟ್ಟಿದ್ದರು.

ಇದೇ ಹುಚ್ಚಿನ ಅಲೆಯಲ್ಲಿ 1880ರಲ್ಲಿ ಕೋಲಾರದಲ್ಲೂ ಮೈಸೂರು ಗಣಿ ಕಂಪನಿ ಹುಟ್ಟಿತ್ತು. ಅದೂ ಮುಳುಗುವ ಹಂತಕ್ಕೆ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಕ್ಯಾಪ್ಟನ್ ಪ್ಲಮರ್ ಹಳೇ ಗುಂಡಿಗಳ ಕೆಳಗೆ ತೋಡಿಸಿ ಚಾಂಪಿಯನ್ ಎಳೆ ಹಿಡಿದ. ಅಲ್ಲಿ 2001ರವರೆಗೆ ಚಿನ್ನ ತೆಗೆದರು. ದೇವಾಲಾಕ್ಕೆ ಅಂಥ ಅದೃಷ್ಟ ಇರಲಿಲ್ಲ.

ಆಮೇಲೆ ಬಂದದ್ದು ಟೀ. ನೆಂಟರು ಫೋಟೋ ಹೊಡೆಯುವ ಹಸಿರು ಗುಡ್ಡಗಳಲ್ಲಿ ಎಷ್ಟೋ ಕಡೆ ಕೆಳಗಿರುವುದು ಗಣಿ ಕಂಪನಿಗಳು ಕೊಂಡಿದ್ದ ನೆಲವೇ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರಿಗಾಗಿ 1968ರಲ್ಲಿ ತಮಿಳುನಾಡು ಸರ್ಕಾರ ಟೀ ತೋಟ ಶುರು ಮಾಡಿತು. ಅದೇ ಮುಂದೆ ಟ್ಯಾನ್‌ಟೀ ಎಂಬ ಸರ್ಕಾರಿ ಕಂಪನಿ ಆಯಿತು. ಚೇರಂಬಾಡಿ, ಪಂದಲೂರು ಕಡೆಯ ಲೈನ್ ಮನೆಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳಿದ್ದಾರೆ. ಜೊತೆಗೆ ಜನ್ಮಂ, ಅಂದರೆ ವಂಶಪಾರಂಪರ್ಯದ ಜಮೀನುದಾರಿ, ರದ್ದು ಮಾಡಿದ 1969ರ ಕಾಯ್ದೆಯ ತಕರಾರು. ಪಟ್ಟಾ ಇಲ್ಲದ ಮನೆಗೆ ಕರೆಂಟಿಗೂ ಒದ್ದಾಟ.

ಟೀ ಎಲೆಗೆ ರೇಟ್ ಬಿದ್ದಾಗ, ಕೂಲಿ ಸಿಗದಿದ್ದಾಗ ಕೆಲವರು ರಾತ್ರಿ ಹೊತ್ತು ಹಳೇ ಗುಂಡಿಗೆ ಇಳಿಯುತ್ತಾರೆ. ಕೈಯಲ್ಲಿ ಉಳಿ, ಸುತ್ತಿಗೆ, ತಲೆಗೊಂದು ಲೈಟು. ಒಳಗೆ ಗಾಳಿ ಇಲ್ಲ. ಉಸಿರುಗಟ್ಟಿ ಸತ್ತವರಿದ್ದಾರೆ, ಮಣ್ಣು ಕುಸಿದು ಸತ್ತವರಿದ್ದಾರೆ. ಗುಂಡಿಯ ಬಾಯಿ ಮೇಲಿಂದ ಕಾಣುವುದೂ ಇಲ್ಲ. ಜರಿಗಿಡ ಬೆಳೆದು ಮುಚ್ಚಿರುತ್ತದೆ. ಆನೆ ಓಡಾಡುವ ಜಾಗ ಬೇರೆ. ಅರಣ್ಯ ಇಲಾಖೆ ಮಣ್ಣು ಹಾಕಿ ಮುಚ್ಚಿಸುತ್ತದೆ, ಪಕ್ಕದಲ್ಲೇ ಇನ್ನೊಂದು ತೆರೆಯುತ್ತದೆ. ಅಂಥ ಕಡೆಗೆ ಮಕ್ಕಳಿರುವ ಕಾರನ್ನು ಹೇಗೆ ಕರೆದುಕೊಂಡು ಹೋಗಲಿ?

"ಬೇಲಿ ಹಾಕಿ, ಒಂದು ಬೋರ್ಡ್ ಹಾಕಿ, ಟಿಕೆಟ್ ಇಟ್ಟರೆ ಆಯ್ತಲ್ಲ" ಅಂದರು ಭಾವ. ನನಗೂ ಹಾಗೇ ಅನ್ನಿಸುತ್ತದೆ, ಒಂದೋ ಎರಡೋ ಸುರಂಗಕ್ಕೆ. ಆದರೆ ಮೊದಲು ಉಳಿದವನ್ನು ಮುಚ್ಚಬೇಕು. ಇಳಿಯುವವರಿಗೆ ಬೇರೆ ದುಡಿಮೆ ಬೇಕು. ಅದಿಲ್ಲದೆ ಬರೀ ಬೋರ್ಡ್ ಹಾಕಿದರೆ ಇಲ್ಲಿ ಚಿನ್ನ ಇದೆ ಅಂತ ದಾರಿ ತೋರಿಸಿದಂತೆ.

ನಿಜಕ್ಕೂ ನೋಡಬೇಕಿದ್ದರೆ ಅಕ್ಟೋಬರಿನಲ್ಲಿ ಬನ್ನಿ ಅಂದೆ. ಪುತ್ತೂರುವಯಲಿನಲ್ಲಿ ಪುತ್ತರಿ. ನಮ್ಮ ಕೊಡಗಿನ ಹುತ್ತರಿ ಇದ್ದಂತೆ, ಹೊಸ ಭತ್ತದ ಹಬ್ಬ. ಪಣಿಯರು, ಮುಳ್ಳು ಕುರುಂಬರು, ವೈನಾಡನ್ ಚೆಟ್ಟಿಗಳು ಗದ್ದೆಯಲ್ಲಿ ಸೇರಿ ಮೊದಲ ತೆನೆ ಕೊಯ್ದು, ವಾದ್ಯದ ಜೊತೆ ದೇವಸ್ಥಾನಕ್ಕೆ ಒಯ್ಯುತ್ತಾರೆ. ಇ-ಪಾಸ್ ಮಾತ್ರ ಮರೆಯಬೇಡಿ. 2024ರ ಮೇ ತಿಂಗಳಿಂದ ಹೊರಗಿನ ಗಾಡಿಗಳಿಗೆ ಅದಿಲ್ಲದೆ ಆಗುವುದಿಲ್ಲ.

ರಾತ್ರಿ 9ಕ್ಕೆ ಬಂಡೀಪುರದ ದಾರಿ ಮುಚ್ಚುತ್ತಾರಲ್ಲ, ಸಂಜೆ ಆರಕ್ಕೇ ಎಲ್ಲರೂ ಹೊರಟರು. ಮರುದಿನ ಕಿಟಕಿ ಒರೆಸುವಾಗ ನೋಡಿದರೆ ಅಜ್ಜನ ಕಲ್ಲು ಇರಲಿಲ್ಲ. ಫೋನ್ ಮಾಡಿದೆ. "ಸುಮ್ನೆ ನಮ್ಮ ಅಕ್ಕಸಾಲಿಗನಿಗೆ ಒಂದ್ಸಲ ತೋರಿಸಿ ಕೊಡ್ತೀನಿ" ಅಂದರು ಭಾವ.