ನೂರು ಮೇಕೆಗಳ ಬೆಟ್ಟ

ಅಣೆಕಟ್ಟಿನ ಗೋಡೆಗೆ ಹಲ್ಲಿಗಳಂತೆ ಅಂಟಿಕೊಂಡ ಮೇಕೆಗಳ ಚಿತ್ರವೊಂದು ವಾಟ್ಸಾಪಿನಲ್ಲಿ ಆಗಾಗ ಸುತ್ತಿ ಬರುತ್ತದೆ. ಕಂಪ್ಯೂಟರಿನ ಕೈಚಳಕ ಇರಬೇಕು ಎಂದುಕೊಂಡು ಮುಂದೆ ಹೋದವರೇ ಹೆಚ್ಚು. ಕೈಚಳಕ ಏನೂ ಇಲ್ಲ. ಅದು ಉತ್ತರ ಇಟಲಿಯ ಚಿಂಜಿನೊ ಅಣೆಕಟ್ಟು. ಐವತ್ತು ಮೀಟರಿನಷ್ಟು ಎತ್ತರದ, ಹೆಚ್ಚುಕಡಿಮೆ ನೆಟ್ಟಗೆ ನಿಂತ ಕಲ್ಲುಗೋಡೆ. ಕಲ್ಲಿನ ಸಂದುಗಳಲ್ಲಿ ಒಸರಿ ಒಣಗಿದ ಲವಣವನ್ನು ನೆಕ್ಕಲು ಆಲ್ಪೈನ್ ಐಬೆಕ್ಸ್ ಎಂಬ ಕಾಡುಮೇಕೆಗಳು ಅಲ್ಲಿಗೆ ಹತ್ತುತ್ತವೆ. ಎತ್ತರದ ಹುಲ್ಲಿನಲ್ಲಿ ಸೋಡಿಯಂ ತೀರಾ ಕಡಿಮೆ, ನಾಲಿಗೆ ಅದನ್ನು ಹುಡುಕುತ್ತಲೇ ಇರುತ್ತದೆ. ಗೋಡೆಯ ಮೇಲೆ ಕಾಣುವುದು ಹೆಚ್ಚಾಗಿ ಹೆಣ್ಣುಗಳು ಮತ್ತು ಮರಿಗಳು. ನೂರು ಕಿಲೋ ತೂಗುವ, ಮೀಟರುದ್ದದ ಕೊಂಬು ಹೊತ್ತ ಗಂಡುಗಳಿಗೆ ಆ ದೊಂಬರಾಟ ಒಗ್ಗುವುದಿಲ್ಲ.

ಗೊರಸನ್ನು ಹತ್ತಿರದಿಂದ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಎರಡಾಗಿ ಸೀಳಿದ ಗೊರಸಿನ ಹೊರ ಅಂಚು ಉಗುರಿನಂತೆ ಗಟ್ಟಿ, ಎರಡು ಬೆರಳಗಲದ ಚಾಚು ಸಿಕ್ಕರೂ ಕಚ್ಚಿ ಹಿಡಿಯುತ್ತದೆ. ನಡುವಿನ ಅಂಗಾಲು ಮಾತ್ರ ಮೆತ್ತಗೆ, ರಬ್ಬರಿನಂತೆ ಒತ್ತಿ ಕಲ್ಲಿಗೆ ಅಂಟುತ್ತದೆ. ಎರಡೂ ಹೋಳುಗಳು ಬೇರೆಬೇರೆಯಾಗಿ ಅಗಲಿಸಿಕೊಳ್ಳಬಲ್ಲವು.

ಆದರೆ ನನಗೆ ಆ ಚಿತ್ರದಲ್ಲಿ ಸೋಜಿಗ ಎನ್ನಿಸುವುದು ಅವು ಬೀಳದೆ ನಿಂತಿವೆ ಎಂಬುದಲ್ಲ, ಇನ್ನೂ ಇವೆ ಎಂಬುದು. ಇವತ್ತು ಆಲ್ಪ್ಸ್ ಪರ್ವತಗಳುದ್ದಕ್ಕೂ, ಫ್ರಾನ್ಸಿನಿಂದ ಸ್ಲೊವೇನಿಯಾದವರೆಗೆ, ಐವತ್ತು ಸಾವಿರದಷ್ಟು ಐಬೆಕ್ಸ್‌ಗಳಿವೆ. ಎರಡು ಶತಮಾನದ ಹಿಂದೆ ಒಂದೇ ಒಂದು ಬೆಟ್ಟಸಾಲಿನಲ್ಲಿ ಅಡಗಿ ಉಳಿದಿದ್ದ ಸುಮಾರು ನೂರು ಮೇಕೆಗಳ ವಂಶ ಇದಿಷ್ಟೂ. ಆ ಬೆಟ್ಟದ ಹೆಸರು ಗ್ರಾನ್ ಪರಡೀಸೊ. ಎತ್ತರ 4061 ಮೀಟರ್. ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಅದರ ಸುತ್ತ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ. ಐಬೆಕ್ಸ್‌ಗೆ ಸತ್ತರೆ ಮಾತ್ರ ಸಾವಿರ. ಅದರ ರಕ್ತ, ಕೊಂಬಿನ ಪುಡಿ, ಹೊಟ್ಟೆಯಲ್ಲಿ ಸಿಗುವ ಕೂದಲು-ನಾರಿನ ಉಂಡೆ ಎಲ್ಲಕ್ಕೂ ಯುರೋಪಿನ ಹಳೆಯ ವೈದ್ಯದಲ್ಲಿ ಒಂದೊಂದು ರೋಗ ಬರೆದಿತ್ತು. ಹೃದಯದಲ್ಲಿ ಶಿಲುಬೆಯ ಆಕಾರದ ಸಣ್ಣ ಎಲುಬು ಸಿಗುತ್ತದೆಂದು ಅದನ್ನು ತಾಯಿತದಂತೆ ಕಟ್ಟಿಕೊಳ್ಳುತ್ತಿದ್ದರು. ನಡೆದಾಡುವ ಔಷಧದಂಗಡಿ. ಅದರ ಮೇಲೆ ಈ ಪ್ರಾಣಿಯ ಸ್ವಭಾವವೇ ಅದಕ್ಕೆ ಮುಳುವಾಯಿತು. ಅಪಾಯ ಕಂಡರೆ ಐಬೆಕ್ಸ್ ದೂರ ಓಡುವುದಿಲ್ಲ. ಹತ್ತಿರದ ಕಡಿದಾದ ಬಂಡೆಗೆ ಹಾರಿ, ಅಲ್ಲಿ ನಿಂತು ತಿರುಗಿ ನೋಡುತ್ತದೆ. ತೋಳದ ಎದುರು ಇದು ಸಾವಿರಾರು ವರ್ಷ ನಡೆದ ಉಪಾಯ. ಬಂದೂಕಿನ ಎದುರು ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ.

ಜೋಸೆಫ್ ಜುಮ್‌ಸ್ಟೈನ್ ಎಂಬ ಅರಣ್ಯಾಧಿಕಾರಿ, ಪರ್ವತಾರೋಹಿಯೂ ಹೌದು, ಈ ಮೇಕೆ ಮುಗಿದೇಹೋಗುತ್ತಿದೆ ಎಂದು ಮೇಲಿನವರಿಗೆ ಬರೆದ. 1821ರಲ್ಲಿ ದೊರೆ ಕಾರ್ಲೊ ಫೆಲಿಚೆ ಬೇಟೆ ನಿಷೇಧಿಸಿದ. 1856ರಲ್ಲಿ ಮುಂದಿನ ದೊರೆಗಳಲ್ಲೊಬ್ಬ, ಎರಡನೆಯ ವಿಟ್ಟೋರಿಯೊ ಎಮನುಯೆಲೆ, ಗ್ರಾನ್ ಪರಡೀಸೊದ ಕಣಿವೆಗಳನ್ನು ತನ್ನ ಖಾಸಾ ಬೇಟೆಕಾಡು ಮಾಡಿಕೊಂಡ. ಬೇರೆ ಯಾರೂ ಹೊಡೆಯಕೂಡದು, ತಾನೊಬ್ಬನೇ ಹೊಡೆಯಬೇಕು, ಲೆಕ್ಕ ಇಷ್ಟೇ. ಕಾವಲಿಗೆ ಸ್ಥಳೀಯರನ್ನೇ ನೇಮಿಸಿದ. ಅವರಲ್ಲಿ ಎಷ್ಟೋ ಜನ ಹಳೆಯ ಕಳ್ಳಬೇಟೆಗಾರರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು ಎನ್ನಬೇಡಿ, ಮೇಕೆ ಎಲ್ಲಿ ಮಲಗುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂದು ಬಲ್ಲವರು ಅವರೇ. ಆ ಕೈಗೆ ಕೊಟ್ಟ ಬೀಗ ಚೆನ್ನಾಗಿಯೇ ಕೂತಿತು. ದೊರೆ ಕುದುರೆ ಮೇಲೆ ಕೂತು ಬೆಟ್ಟ ಹತ್ತಲೆಂದು 300 ಕಿಲೋಮೀಟರಿಗೂ ಹೆಚ್ಚು ಉದ್ದದ ದಾರಿಗಳನ್ನು ಕಡಿದರು. ಇವತ್ತು ಚಾರಣಿಗರು ಬೆನ್ನಿಗೆ ಚೀಲ ಹೊತ್ತು ನಡೆಯುವುದು ಬಹುಪಾಲು ಅವೇ ದಾರಿಗಳ ಮೇಲೆ. ದೊರೆ ಮನೆತನ ಹೊಡೆದ ಮೃಗಗಳ ಸಾವಿರಾರು ಕೊಂಬುಗಳು ಆಓಸ್ತಾ ಕಣಿವೆಯ ಸಾರ್ ಕೋಟೆಯ ಗೋಡೆಗಳಲ್ಲಿ ಇನ್ನೂ ಸಾಲುಗಟ್ಟಿವೆ. ಅಷ್ಟು ಹೊಡೆದೂ ಮೇಕೆಗಳು ಹೆಚ್ಚಿದವು. ಸಂರಕ್ಷಣೆಯ ಚರಿತ್ರೆಯಲ್ಲಿ ಇಂಥ ಮುಜುಗರದ ಲೆಕ್ಕಗಳು ಬೇಕಾದಷ್ಟಿವೆ.

ಆ ಲೆಕ್ಕದ ಖರ್ಚಿನ ಕಾಲಂ ಕೂಡ ನೋಡಬೇಕು. ಮೇಕೆ ಉಳಿಯಬೇಕೆಂದರೆ ಅದನ್ನು ತಿನ್ನುವವರು ಹೋಗಬೇಕು ಎಂಬುದು ಆಗಿನ ತರ್ಕ. ತೋಳ, ಲಿಂಕ್ಸ್ ಬೆಕ್ಕು ಅಲ್ಲಿಂದ ಕಣ್ಮರೆಯಾದವು. ಸುಮ್ಮನೆ ಎಲುಬು ತಿಂದುಕೊಂಡಿದ್ದ ಗಡ್ಡದ ರಣಹದ್ದಿಗೂ ಕುರಿಮರಿ ಹೊತ್ತೊಯ್ಯುವ ಕಳ್ಳ ಎಂಬ ಪಟ್ಟ ಕಟ್ಟಿ ಕೊಂದರು. ಆಲ್ಪ್ಸ್‌ನ ಕೊನೆಯ ಗಡ್ಡದ ರಣಹದ್ದು ಗುಂಡಿಗೆ ಬಿದ್ದದ್ದು 1913ರಲ್ಲಿ, ಇದೇ ಬೆಟ್ಟದ ಮಗ್ಗುಲಿನ ರೇಮ್ ಕಣಿವೆಯಲ್ಲಿ.

ಈ ಹಕ್ಕಿಯ ಬದುಕು ನೋಡಿ. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರಿಗೂ ಮಿಗಿಲು. ಹಿಮಕುಸಿತದಲ್ಲಿ ಸತ್ತ ಐಬೆಕ್ಸ್‌ನ ಮಾಂಸವನ್ನು ನರಿ, ಕಾಗೆ, ಹದ್ದುಗಳು ಮುಗಿಸಿ ಹೋದ ಮೇಲೆ ಇದರ ಊಟದ ಹೊತ್ತು. ಸಣ್ಣ ಎಲುಬಾದರೆ ಇಡಿಯಾಗಿ ನುಂಗುತ್ತದೆ. ದೊಡ್ಡದಾದರೆ ಕಾಲಲ್ಲಿ ಹಿಡಿದು ಮೇಲೇರಿ, ಗೊತ್ತಾದ ಬಂಡೆಹಾಸಿನ ಮೇಲೆ ಕೆಡವುತ್ತದೆ. ಒಡೆಯದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. ಹೊಟ್ಟೆಯ ಆಮ್ಲ ಎಷ್ಟು ಖಾರವೆಂದರೆ ಎಲುಬು ಅದರಲ್ಲಿ ಕರಗುತ್ತದೆ. ಒಳಗಿನ ಮಜ್ಜೆಯ ಕೊಬ್ಬು ಚಳಿಗಾಲಕ್ಕೆ ಒಳ್ಳೆಯ ಉರುವಲು, ಅದಕ್ಕೆ ಪೈಪೋಟಿಯೂ ಇಲ್ಲ. ಎದೆಯ ಕೇಸರಿ ಬಣ್ಣವಂತೂ ಹುಟ್ಟಿನಿಂದ ಬಂದದ್ದೇ ಅಲ್ಲ. ಕಬ್ಬಿಣದ ಅಂಶವಿರುವ ಕೆಸರಿನಲ್ಲಿ ಹೊರಳಿ ತಾನೇ ಬಳಿದುಕೊಳ್ಳುತ್ತದೆ. ಅಂಥ ಕೆಸರು ಸಿಗದ ಪಂಜರದಲ್ಲಿ ಬೆಳೆದರೆ ಎದೆ ಬಿಳಿಯಾಗಿಯೇ ಉಳಿಯುತ್ತದೆ. 1986ರಲ್ಲಿ ಆಸ್ಟ್ರಿಯಾದಲ್ಲಿ ಶುರುವಾಗಿ, ಪ್ರಾಣಿಸಂಗ್ರಹಾಲಯಗಳಲ್ಲಿ ಹುಟ್ಟಿದ ಇನ್ನೂರಕ್ಕೂ ಹೆಚ್ಚು ಮರಿಗಳನ್ನು ಆಲ್ಪ್ಸ್‌ನ ಬೇರೆಬೇರೆ ಕಡೆ ಬಿಟ್ಟರು. ಈಗ ಗ್ರಾನ್ ಪರಡೀಸೊದಲ್ಲೂ ಅವುಗಳ ಗೂಡಿದೆ. ತೋಳಗಳನ್ನು ಯಾರೂ ತಂದು ಬಿಡಲಿಲ್ಲ. ದಕ್ಷಿಣದ ಅಪೆನೈನ್ ಬೆಟ್ಟಗಳಿಂದ ತಾವೇ ನಡೆದು ಬಂದವು.

ಮತ್ತೆ ಮೇಕೆಗೆ ಬರೋಣ. ಮೂರನೆಯ ವಿಟ್ಟೋರಿಯೊ ಎಮನುಯೆಲೆ ಬೇಟೆಕಾಡನ್ನು ಸರ್ಕಾರಕ್ಕೆ ಒಪ್ಪಿಸಿದ ಮೇಲೆ, 1922ರ ಡಿಸೆಂಬರಿನಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಈಗ ವಿಸ್ತೀರ್ಣ ಸುಮಾರು 700 ಚದರ ಕಿಲೋಮೀಟರ್. ಬೋರ್ಡು ಬದಲಾದ ಮಾತ್ರಕ್ಕೆ ಮೇಕೆಗೆ ನೆಮ್ಮದಿ ಸಿಗಲಿಲ್ಲ. ಫ್ಯಾಸಿಸ್ಟರ ಕಾಲದ ಆಡಳಿತ, ಆಮೇಲೆ ಯುದ್ಧ, ಹಸಿದ ಹಳ್ಳಿಗಳು, ಎಲ್ಲರ ಕೈಯಲ್ಲೂ ಬಂದೂಕು. 1945ರಲ್ಲಿ ಎಣಿಸಿದಾಗ ಉಳಿದಿದ್ದು 416. ಆಗ ಉದ್ಯಾನದ ಹೊಣೆ ಹೊತ್ತವನು ರೆನ್ಜೊ ವಿಡೆಸೋಟ್, ಪಶುವೈದ್ಯ, ನುರಿತ ಪರ್ವತಾರೋಹಿ. ಕಾವಲುಪಡೆಯನ್ನು ಹೊಸದಾಗಿ ಕಟ್ಟಿ, 1969ರವರೆಗೆ ಅಲ್ಲೇ ನಿಂತ. ಎರಡನೆಯ ಸಲ ಉಳಿಸಿದ್ದು ದೊರೆಯಲ್ಲ, ಸಂಬಳದ ನೌಕರರು.

ಈ ನಡುವೆ ಒಂದು ಕಳ್ಳತನವೂ ನಡೆದಿತ್ತು. ಐಬೆಕ್ಸ್ ಕಳೆದುಕೊಂಡಿದ್ದ ಸ್ವಿಟ್ಜರ್ಲೆಂಡ್ ನಮಗೂ ನಾಲ್ಕು ಕೊಡಿ ಎಂದು ಇಟಲಿಯ ದೊರೆಯನ್ನು ಕೇಳಿದರೆ ಆತ ಒಪ್ಪಲಿಲ್ಲ. ಸರಿ, ಆಓಸ್ತಾದ ಕಳ್ಳಬೇಟೆಗಾರರು ಮರಿಗಳನ್ನು ಹಿಡಿದು ಗಡಿ ದಾಟಿಸಿದರು. 1906ರಲ್ಲಿ ಮೊದಲ ಮೂರು ಮರಿಗಳು ಸಾಂಕ್ಟ್ ಗಾಲೆನ್ ಊರಿನ ಮೃಗೋದ್ಯಾನ ಸೇರಿದವು. ಅಲ್ಲಿ ಸಾಕಿ ಬೆಳೆಸಿ 1911ರಲ್ಲಿ ಐದನ್ನು ಬೆಟ್ಟಕ್ಕೆ ಬಿಟ್ಟರು. ಸ್ವಿಸ್ ಆಲ್ಪ್ಸ್‌ನ ಹಿಂಡುಗಳಿಗೆಲ್ಲ ಬುಡ ಹೀಗೆ ಕದ್ದು ತಂದ ಮರಿಗಳೇ.

ನೂರರಿಂದ ಕೆಲವು ಡಜನ್, ಆ ಡಜನ್‌ನಿಂದ ಐದೈದರ ಗುಂಪು. ಜರಡಿಯ ಮೇಲೆ ಜರಡಿ ಹಿಡಿದಂತೆ ಪ್ರತಿ ಹಂತದಲ್ಲೂ ಒಂದಷ್ಟು ಜೀನ್ ವೈವಿಧ್ಯ ಸೋರಿಹೋಯಿತು. ಜೂರಿಕ್‌ನ ವಿಜ್ಞಾನಿಗಳೂ ಅವರ ಸಂಗಡಿಗರೂ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೇಕೆಗಳ ಇಡೀ ಜೀನೋಮ್ ಓದಿದಾಗ ಕಂಡದ್ದು ಎರಡು ಮುಖ. ಹತ್ತಿರದ ಸಂಬಂಧದಲ್ಲೇ ಕೂಡಿಕೆ ನಡೆದಾಗ ಬಚ್ಚಿಟ್ಟುಕೊಂಡಿದ್ದ ಅತಿ ಕೆಟ್ಟ ರೂಪಾಂತರಗಳು ಬಯಲಿಗೆ ಬರುತ್ತವೆ. ಅವನ್ನು ಹೊತ್ತ ಮರಿಗಳು ಬದುಕುವುದಿಲ್ಲ, ಹಾಗಾಗಿ ಆ ಕೆಡುಕು ವಂಶದಿಂದ ತೊಳೆದುಹೋಗುತ್ತದೆ. ಆದರೆ ಕೊಲ್ಲುವಷ್ಟು ಕೆಟ್ಟದ್ದಲ್ಲದ ಸಣ್ಣಪುಟ್ಟ ದೋಷಗಳು ಹಾಗೇ ಉಳಿದು ರಾಶಿಯಾಗುತ್ತವೆ. ಇನ್ನೊಂದು ಸಂಗತಿ 2014ರಲ್ಲೇ ಹೊರಬಿದ್ದಿತ್ತು. ರೋಗಾಣುಗಳನ್ನು ಗುರುತಿಸುವ ಜೀನ್‌ಗಳ ಗುಂಪೊಂದರಲ್ಲಿ ಐಬೆಕ್ಸ್‌ಗೆ ಉಳಿದಿರುವ ಅಲ್ಪಸ್ವಲ್ಪ ವೈವಿಧ್ಯದ ಒಂದು ಪಾಲು ಊರಿನ ಸಾಕುಮೇಕೆಯಿಂದ ಬಂದದ್ದು. ಹಿಂದೆಂದೋ ಯಾವುದೋ ಸಾಕುಮೇಕೆ ದಾರಿತಪ್ಪಿ ಮೇಲಿನ ಬಂಡೆಗಳಿಗೆ ಹೋಗಿರಬೇಕು. ಶುದ್ಧ ತಳಿ ಎಂದು ಎದೆ ತಟ್ಟಿಕೊಳ್ಳುವವರಿಗೆ ಇದು ರುಚಿಸಲಿಕ್ಕಿಲ್ಲ. ಮೇಕೆಗಂತೂ ಉಪಕಾರವೇ ಆಗಿರುವಂತಿದೆ.

ಬೇರೆ ಪ್ರಾಣಿಗಳಿಲ್ಲವೆಂದಲ್ಲ. ಶಾಮ್ವಾ ಎಂಬ ಇನ್ನೊಂದು ಬೆಟ್ಟಮೇಕೆ ಸಂಖ್ಯೆಯಲ್ಲಿ ಇದಕ್ಕಿಂತ ಹೆಚ್ಚೇ ಇದೆ. ಹಿಮ ಬಿದ್ದಾಗ ಬೆಳ್ಳಗಾಗುವ, ಪಾದದವರೆಗೂ ಗರಿ ತೊಟ್ಟ ಟಾರ್ಮಿಗನ್ ಕೋಳಿ ಇದೆ. ಮಾರ್ಮಟ್ ಎಂಬ ದಪ್ಪ ಅಳಿಲು ವರ್ಷದಲ್ಲಿ ಆರು ತಿಂಗಳು ಬಿಲದಲ್ಲಿ ಸಂಸಾರ ಸಮೇತ ಒತ್ತಿಕೊಂಡು ಮಲಗುತ್ತದೆ. ಮೇಲೆ ಹಿಮದ ಕಂಬಳಿ ದಪ್ಪಗಿದ್ದಷ್ಟೂ ಬಿಲ ಬೆಚ್ಚಗೆ. ಗಡಿಯಾಚೆಯ ಫ್ರಾನ್ಸಿನ ಬೆಟ್ಟಗಳಲ್ಲಿ 1990ರಿಂದ ನಡೆದ ಅಧ್ಯಯನದಲ್ಲಿ ಹಿಮ ತೆಳುವಾಗುತ್ತ ಬಂದಂತೆ ತಾಯಿ ಮಾರ್ಮಟ್‌ಗಳು ಹಾಕುವ ಮರಿಗಳ ಸಂಖ್ಯೆಯೂ ಇಳಿದಿದೆ. ಬೆಚ್ಚಗಿನ ಚಳಿಗಾಲದಲ್ಲಿ ಚಳಿಗೆ ಸೊರಗುವ ವಿಚಿತ್ರ!

ಕೆರೆಗಳದ್ದೇ ಬೇರೆ ಕಥೆ. ಅಷ್ಟು ಎತ್ತರದ ಕೆರೆಗಳಿಗೆ ಜಲಪಾತ ಹತ್ತಿ ಮೀನು ಬರಲಾರದು. ಅಲ್ಲಿ ನೀರುಚಿಗಟ, ಹುಳ, ಕಪ್ಪೆಗಳದ್ದೇ ರಾಜ್ಯ. 1960ರ ದಶಕದಲ್ಲಿ ಗಾಳ ಹಾಕುವವರ ಖುಷಿಗೆಂದು ಅಮೆರಿಕದ ಬ್ರೂಕ್ ಟ್ರೌಟ್ ಮೀನು ತಂದು ಬಿಟ್ಟರು. ಅದು ಕಂಡದ್ದನ್ನೆಲ್ಲ ತಿಂದು ಹಾಕಿತು. ಅರ್ಧ ಶತಮಾನ ಕಳೆದ ಮೇಲೆ, 2012ರಿಂದ ಐದಾರು ವರ್ಷ, ಉದ್ಯಾನದ ಸಿಬ್ಬಂದಿ ನಾಲ್ಕು ಕೆರೆಗಳಲ್ಲಿ ಬಲೆ ಬೀಸಿ, ನೀರಿಗೆ ವಿದ್ಯುತ್ ಹಾಯಿಸಿ ಒಂದೊಂದೇ ಮೀನು ಹೆಕ್ಕಿದರು. ವಿಷ ಸುರಿಯಲಿಲ್ಲ. ಮೀನು ಹೋದಲ್ಲಿ ಕಪ್ಪೆಗಳು ಮರಳಿದವು. ತರಲು ಒಬ್ಬನ ಬಕೀಟು ಸಾಕಾಗಿದ್ದೀತು, ತೆಗೆಯಲು ಯುರೋಪಿಯನ್ ಒಕ್ಕೂಟದ ಅನುದಾನ ಬೇಕಾಯಿತು.

ಈ ಉದ್ಯಾನದಲ್ಲಿ 1956ರಿಂದ ಪ್ರತಿ ವರ್ಷ ತಪ್ಪದೆ ಮೃಗಗಣತಿ ನಡೆದಿದೆ. ಕಾವಲುಗಾರರು ದುರ್ಬೀನು ಹಿಡಿದು ತಮ್ಮ ತಮ್ಮ ಬೆಟ್ಟದ ಪಾಲನ್ನು ನಡೆದು ಎಣಿಸುತ್ತಾರೆ. ವಯಸ್ಸು ತಿಳಿಯಲು ಜೋಯಿಸರು ಬೇಕಿಲ್ಲ. ಚಳಿಗಾಲದಲ್ಲಿ ಕೊಂಬಿನ ಬೆಳವಣಿಗೆ ನಿಂತು, ವಸಂತದಲ್ಲಿ ಮತ್ತೆ ಶುರುವಾಗುವಾಗ ಒಂದು ಗೆರೆ ಬೀಳುತ್ತದೆ. ಗೆರೆ ಎಣಿಸಿದರೆ ವರ್ಷ, ಎರಡು ಗೆರೆಗಳ ನಡುವಿನ ಅಂತರ ನೋಡಿದರೆ ಆ ವರ್ಷ ಹೊಟ್ಟೆ ತುಂಬಿತ್ತೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಕೊಂಬಿನ ಮುಂದೆ ಎದ್ದು ಕಾಣುವ ಗಂಟುಗಳನ್ನು ಎಣಿಸಿ ಮೋಸಹೋಗಬಾರದು, ಅವು ಬೇರೆ.

ಈ ಗಣತಿಯ ಗೆರೆ 1980ರ ದಶಕದಲ್ಲಿ ಏರುತ್ತ ಹೋಗಿ, 1990ರ ದಶಕದ ಆರಂಭಕ್ಕೆ ಐದು ಸಾವಿರದ ಹತ್ತಿರ ಮುಟ್ಟಿತು. ಹಿಮ ಕಡಿಮೆ ಬೀಳತೊಡಗಿ ದೊಡ್ಡ ಮೇಕೆಗಳು ಚಳಿಗಾಲ ದಾಟುವುದು ಸುಲಭವಾಗಿತ್ತು. ಹಾಗಾದರೆ ಬಿಸಿ ಏರಿದಷ್ಟೂ ಒಳ್ಳೆಯದೇ ಎಂದುಕೊಳ್ಳುವಷ್ಟರಲ್ಲಿ ಗೆರೆ ಕೆಳಮುಖವಾಯಿತು. ಮೂರು ಸಾವಿರಕ್ಕೂ ಕೆಳಗಿಳಿಯಿತು. ಸಾಯುತ್ತಿದ್ದುದು ದೊಡ್ಡವಲ್ಲ, ಮರಿಗಳು.

ಬಲವಾದ ಅನುಮಾನ ಹುಲ್ಲಿನ ಮೇಲಿದೆ. ಐಬೆಕ್ಸ್ ಕೂಡುವುದು ಡಿಸೆಂಬರಿನಲ್ಲಿ, ಈಯುವುದು ಜೂನಿನಲ್ಲಿ. ಆ ಹೊತ್ತಿಗೆ ಎಳೆಹುಲ್ಲು ಚಿಗುರಿ, ಪ್ರೋಟೀನ್ ತುಂಬಿ, ತಾಯಿಯ ಕೆಚ್ಚಲಿಗೆ ಹಾಲಾಗಬೇಕು. ಈಗ ಹಿಮ ಬೇಗ ಕರಗುತ್ತದೆ, ಹುಲ್ಲು ಬೇಗ ಚಿಗುರುತ್ತದೆ, ಬೆಟ್ಟವೆಲ್ಲ ಒಮ್ಮೆಲೇ ಹಸಿರಾಗಿ ಬೇಗ ಬಲಿಯುತ್ತದೆ. ಮರಿ ಹಾಲಿಗೆ ಬಾಯಿ ಇಡುವ ಹೊತ್ತಿಗೆ ತಾಯಿಯ ಬಾಯಿಗೆ ಸಿಗುವುದು ನಾರು. ಬಸಿರಿನ ದಿನವನ್ನು ಡಿಸೆಂಬರಿನ ಚಳಿಯಲ್ಲೇ ಗೊತ್ತುಮಾಡಿಕೊಂಡ ಪ್ರಾಣಿ ಜೂನಿನ ಹುಲ್ಲನ್ನು ಊಹಿಸುವುದಾದರೂ ಹೇಗೆ?

ಬೇಸಿಗೆಯ ಬಿಸಿಲು ಇನ್ನೊಂದು ಕಾಟ. ದಪ್ಪ ಮೈಯ ಗಂಡುಗಳಿಗೆ 15 ಡಿಗ್ರಿಯ ಆಸುಪಾಸು ದಾಟಿದರೇ ಸೆಕೆ. ಮೇಯುವುದು ಬಿಟ್ಟು ಮೇಲಿನ, ಹುಲ್ಲು ಕಡಿಮೆಯಿರುವ ಜಾಗಕ್ಕೆ ಹತ್ತುತ್ತವೆ. ಗ್ರಾನ್ ಪರಡೀಸೊದಲ್ಲೂ ಸ್ವಿಸ್ ರಾಷ್ಟ್ರೀಯ ಉದ್ಯಾನದಲ್ಲೂ ಐಬೆಕ್ಸ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಹದಿಮೂರು ಹದಿನಾಲ್ಕು ವರ್ಷ ಕಲೆಹಾಕಿದ ಮಾಹಿತಿ 2024ರಲ್ಲಿ ಪ್ರಕಟವಾಯಿತು. ಹಗಲು ಸುಟ್ಟ ದಿನ ಅವು ರಾತ್ರಿ ಎದ್ದು ಓಡಾಡುತ್ತವೆ, ಬೆಳದಿಂಗಳಿದ್ದರೆ ಇನ್ನಷ್ಟು. ಹಗಲುಜೀವಿಯ ಕಣ್ಣು ಅದರದು, ಕತ್ತಲಲ್ಲಿ ಬಂಡೆಯಂಚು ಗುರುತಿಸುವುದು ಹಗಲಿನಷ್ಟು ಸಲೀಸಲ್ಲ. ತೋಳ ಕಾಲಿಟ್ಟಿರುವ ಗ್ರಾನ್ ಪರಡೀಸೊದಲ್ಲಾದರೂ ಮೇಕೆಗಳು ರಾತ್ರಿ ಬಂಡೆ ಬಿಟ್ಟು ಅಲುಗಲಾರವು ಎಂದುಕೊಂಡಿದ್ದರೆ, ಅಲ್ಲೂ ಅವು ಎದ್ದು ಮೇಯುತ್ತಿದ್ದವು.