ಹದಿಹರೆಯದವರ ಗರ್ಭನಿರೋಧಕ ಬಳಕೆ: ತಿಳಿವಿಗೂ ಬಳಕೆಗೂ ನಡುವಿನ ಅಂತರ

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಗುರುತಿಸುತ್ತದೆ. ಗರ್ಭನಿರೋಧಕ ಬಳಕೆಯ ಅಧ್ಯಯನಗಳು ಹೆಚ್ಚಾಗಿ 15ರಿಂದ 19ರ ಗುಂಪನ್ನು ಆಯ್ದುಕೊಳ್ಳುತ್ತವೆ. ಅದೇ ಸಂಸ್ಥೆಯ ಅಂದಾಜಿನ ಪ್ರಕಾರ, 2019ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ವಯಸ್ಸಿನ ಹುಡುಗಿಯರಲ್ಲಿ ಸುಮಾರು 2.1 ಕೋಟಿ ಗರ್ಭಧಾರಣೆಗಳಾದವು, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಯಸದೇ ಆದವು.

ಇದಕ್ಕೆ ತಿಳಿವಳಿಕೆಯ ಕೊರತೆಯೇ ಕಾರಣವೆಂದು ಉತ್ತರಿಸಿದರೆ ವಿಷಯದ ಮುಖ್ಯಭಾಗವೇ ಕೈತಪ್ಪುತ್ತದೆ. ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ಒಂದು ವಿಧಾನದ ಬಗ್ಗೆ ಕೇಳಿದ್ದೇನೆ ಎಂದರೆ ಸಾಕು, ಅದನ್ನು ‘ಅರಿವು’ ಎಂದು ಲೆಕ್ಕ ಹಾಕುತ್ತಾರೆ. ಗುಳಿಗೆಯ ಹೆಸರು ಕೇಳಿದವಳಿಗೆ ಅದನ್ನು ಎಂದು ಆರಂಭಿಸಬೇಕು, ಒಂದು ದಿನ ತಪ್ಪಿದರೆ ಏನು ಮಾಡಬೇಕು, ಎಲ್ಲಿ ಸಿಗುತ್ತದೆ ಎಂಬುದೆಲ್ಲ ಗೊತ್ತಿರಬೇಕೆಂದೇನಿಲ್ಲ. ಹೀಗಾಗಿ ಅರಿವಿನ ಪ್ರಮಾಣ ಬಹಳ ಎತ್ತರದಲ್ಲಿದ್ದು, ಬಳಕೆಯ ಪ್ರಮಾಣ ತೀರ ಕೆಳಗಿರುವ ಕೋಷ್ಟಕಗಳು ನಮಗೆ ಮತ್ತೆ ಮತ್ತೆ ಎದುರಾಗುತ್ತವೆ.

ವಿವಾಹಿತರನ್ನೂ ಅವಿವಾಹಿತರನ್ನೂ ಬೇರೆಬೇರೆಯಾಗಿ ನೋಡುವುದು ಇಲ್ಲಿ ಅನಿವಾರ್ಯ, ಏಕೆಂದರೆ ಇವರ ಮೇಲಿನ ಒತ್ತಡಗಳು ತದ್ವಿರುದ್ಧವಾಗಿವೆ. ಚಿಕ್ಕ ವಯಸ್ಸಿನಲ್ಲೇ ಮದುವೆಯಾದವಳು ಬೇಗ ತಾಯಿಯಾಗಿ ತನ್ನ ಫಲವತ್ತತೆಯನ್ನು ತೋರಿಸಿಕೊಡಬೇಕೆಂದು ಮನೆಯವರು ಬಯಸುತ್ತಾರೆ. ಮೊದಲ ಮಗುವನ್ನು ಮುಂದೂಡುವ ಮಾತನ್ನು ಗಂಡನೋ ಅತ್ತೆಯೋ ಒಪ್ಪದಿದ್ದರೆ ಆಕೆಯ ಇಷ್ಟಕ್ಕೆ ಬೆಲೆಯಿರುವುದಿಲ್ಲ. ಅವಿವಾಹಿತೆಗೆ ಗರ್ಭಧಾರಣೆಯ ಭಯ ಎಷ್ಟೇ ಇದ್ದರೂ, ಗರ್ಭನಿರೋಧಕ ಕೇಳಲು ಹೋದರೆ ತನ್ನ ಸಂಬಂಧ ಬಯಲಾಗುತ್ತದೆಂಬ ಭಯ ಅದಕ್ಕಿಂತ ಹತ್ತಿರದ್ದು. ಸಂಗಾತಿ ವಯಸ್ಸಿನಲ್ಲಿ ಬಹಳ ಹಿರಿಯನಾಗಿದ್ದರೆ ಅಥವಾ ಆಕೆಯ ಖರ್ಚುವೆಚ್ಚ ಅವನ ಕೈಯಲ್ಲಿದ್ದರೆ, ಕಾಂಡೋಮ್ ಬಳಸೋಣವೆಂದು ಹೇಳುವ ಧೈರ್ಯವೂ ಕುಗ್ಗುತ್ತದೆ.

ಆರೋಗ್ಯ ಸಿಬ್ಬಂದಿಯ ನಡವಳಿಕೆಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ. ವಯಸ್ಸು ಕಡಿಮೆಯೆಂಬ ಒಂದೇ ಕಾರಣಕ್ಕೆ ಹದಿಹರೆಯದವರಿಗೆ ಗರ್ಭನಿರೋಧಕ ನಿರಾಕರಿಸಲು ವೈದ್ಯಕೀಯ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಸಾಲಿನಲ್ಲಿ ನೆರೆಹೊರೆಯವರೂ ನಿಂತಿರುವಾಗ ‘ಮದುವೆಯಾಗಿದೆಯೇ? ಜೊತೆಗೆ ಯಾರು ಬಂದಿದ್ದಾರೆ?’ ಎಂದು ಗಟ್ಟಿಯಾಗಿ ಕೇಳಿದರೆ, ಸೇವೆ ಉಚಿತವಾಗಿದ್ದರೂ ಹುಡುಗಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಅಂಥವಳು ದಾಖಲೆಯಲ್ಲಿ ‘ಬಳಸದವಳು’ ಆಗಿ ಮಾತ್ರ ಉಳಿಯುತ್ತಾಳೆ. ಪೋಷಕರ ಒಪ್ಪಿಗೆ ಕಡ್ಡಾಯವೆನ್ನುವ ನಿಯಮವಿದ್ದರೆ ತೊಡಕು ಇನ್ನೂ ಹೆಚ್ಚು.

ವಿಧಾನದ ಆಯ್ಕೆಯಲ್ಲೂ ಗೋಪ್ಯತೆಯ ಪಾತ್ರ ದೊಡ್ಡದು. ದಿನವೂ ನುಂಗಬೇಕಾದ ಗುಳಿಗೆಯ ಪಟ್ಟಿಯನ್ನು ಮನೆಯಲ್ಲಿ ಅಡಗಿಸಿಡಬೇಕು, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಡಿಎಂಪಿಎ ಎಂಬ ಹಾರ್ಮೋನಿನ ಗರ್ಭನಿರೋಧಕ ಚುಚ್ಚುಮದ್ದಿಗೆ ಆ ತೊಂದರೆಯಿಲ್ಲ. ಆದರೆ ಅದರಿಂದ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಚುಚ್ಚುಮದ್ದು ನಿಲ್ಲಿಸಿದ ಮೇಲೂ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಈ ತಾತ್ಕಾಲಿಕ ವಿಳಂಬವನ್ನು ಮೊದಲೇ ವಿವರಿಸದಿದ್ದಾಗ ‘ಚುಚ್ಚುಮದ್ದು ತೆಗೆದುಕೊಂಡರೆ ಬಂಜೆತನ ಬರುತ್ತದೆ’ ಎಂಬ ಮಾತಿಗೆ ಕಣ್ಣಾರೆ ಕಂಡ ಪುರಾವೆ ದೊರೆತಂತಾಗುತ್ತದೆ. ಈ ತಪ್ಪುಕಲ್ಪನೆಯನ್ನು ಅಜ್ಞಾನವೆಂದು ತಳ್ಳಿಹಾಕದೆ ಅದರ ಮೂಲವನ್ನು ಹುಡುಕಿ ಉತ್ತರಿಸಬೇಕು. ಲೈಂಗಿಕ ಸೋಂಕುಗಳಿಂದಲೂ ರಕ್ಷಣೆ ಕೊಡುವುದು ಕಾಂಡೋಮ್ ಮಾತ್ರ, ಆದ್ದರಿಂದ ಬೇರೆ ವಿಧಾನ ಬಳಸುವವರಿಗೂ ಅದರ ಅಗತ್ಯವಿರುತ್ತದೆ.

ಶಿಕ್ಷಣ, ಆದಾಯ, ನಗರವಾಸ ಇವು ಬಹುತೇಕ ಅಧ್ಯಯನಗಳಲ್ಲಿ ಹೆಚ್ಚಿನ ಬಳಕೆಯೊಂದಿಗೆ ಕಾಣಿಸಿಕೊಳ್ಳುತ್ತವೆ. ಆದರೆ ಒಂದೇ ಕಾಲಘಟ್ಟದ ಸಮೀಕ್ಷೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲಾಗದು: ಓದಿದ್ದರಿಂದ ಗರ್ಭನಿರೋಧಕ ಬಳಸಿದಳೋ, ಗರ್ಭ ನಿಲ್ಲದ್ದರಿಂದ ಓದು ಮುಂದುವರಿಯಿತೋ ಎಂಬುದು ಅಂಕಿಗಳಲ್ಲಿ ತಿಳಿಯುವುದಿಲ್ಲ. ಹಾಗೆಯೇ ಮಗುವಿರುವ ಹದಿಹರೆಯದವರಲ್ಲಿ ಬಳಕೆ ಹೆಚ್ಚಾಗಿ ಕಂಡರೆ, ಮೊದಲ ಹೆರಿಗೆಗೆ ಬಂದಾಗಲೇ ಅವರಿಗೆ ಸೇವೆಯ ಬಾಗಿಲು ತೆರೆದಿರಬಹುದೇ ಎಂದು ಕೇಳಿಕೊಳ್ಳಬೇಕು.