ಹಳೇ ಕೊನ್ಯಾಕ್ ರುಚಿ ನೋಡುವಾಗ ವಯಸ್ಸಿಗೆ ಮರುಳಾಗಬೇಡಿ

ಕೊನ್ಯಾಕ್ ಅಂದರೆ ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ. ಐವತ್ತು ವರ್ಷದ ಕೊನ್ಯಾಕ್ ಅಂದ ಕೂಡಲೇ ಜನ ಕಣ್ಣರಳಿಸುತ್ತಾರೆ. ಮದ್ಯದ ರುಚಿ ನೋಡುವುದೇ ಕೆಲಸವಾಗಿರುವ ನಾನು ಮೊದಲು ಪಕ್ಕಕ್ಕಿಡುವುದೇ ಆ ಸಂಖ್ಯೆಯನ್ನು. ಹಳೇ ಪೀಪಾಯಿಗಳನ್ನು ಹೋಲಿಸುವಾಗ ನನಗೆ ಬೇಕಿರುವುದು ಒಂದೇ ಉತ್ತರ: ಹಣ್ಣಿನ ರುಚಿ ಇನ್ನೂ ಉಳಿದಿದೆಯೋ, ಪೀಪಾಯಿಯ ಮರ ಅದನ್ನು ನುಂಗಿ ಹಾಕಿದೆಯೋ? ಪೀಪಾಯಿಯನ್ನು ಸರಿಯಾದ ವರ್ಷಕ್ಕೆ ಖಾಲಿ ಮಾಡಿದ್ದಾರೋ ಇಲ್ಲವೋ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಕೊನ್ಯಾಕ್ ತಯಾರಾಗುವುದು ಪಶ್ಚಿಮ ಫ್ರಾನ್ಸಿನಲ್ಲಿ, ಶಾರಾಂತ್ ನದಿಯ ಸುತ್ತಮುತ್ತ. ಹೆಚ್ಚಿನ ತೋಟಗಳಲ್ಲಿ ಇರುವುದು ಉನಿ ಬ್ಲಾಂ ಅನ್ನೋ ಬಿಳಿ ದ್ರಾಕ್ಷಿ. ಅದರ ಹುಳಿ ವೈನನ್ನು ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸಿ ಓಕ್ ಪೀಪಾಯಿಗೆ ತುಂಬುತ್ತಾರೆ. ಮಾರುಕಟ್ಟೆಯ ದೊಡ್ಡ ಪಾಲು ಹೆನೆಸಿ, ಮಾರ್ಟೆಲ್, ರೆಮಿ ಮಾರ್ಟಿನ್, ಕುರ್ವಾಸಿಯೆ ಈ ನಾಲ್ಕು ಕಂಪನಿಗಳದ್ದು. ಅಲ್ಲಿನ ತಜ್ಞರು ಬೇರೆಬೇರೆ ತೋಟ, ಬೇರೆಬೇರೆ ವರ್ಷಗಳ ಮದ್ಯವನ್ನು ಬೆರೆಸಿ, ಪ್ರತಿ ಬಾಟಲಿಯಲ್ಲೂ ಅದೇ ರುಚಿ ಬರುವಂತೆ ನೋಡಿಕೊಳ್ಳುತ್ತಾರೆ. ಅದೂ ದೊಡ್ಡ ವಿದ್ಯೆಯೇ. ಸ್ವತಂತ್ರ ಬಾಟ್ಲರ್ ಮಾಡುವುದು ಬೇರೆ ಕೆಲಸ. ರೈತ ಕುಟುಂಬದ ನೆಲಮಾಳಿಗೆಯಲ್ಲಿ ಅಜ್ಜನ ಕಾಲದಿಂದ ಉಳಿದುಕೊಂಡ ಒಂದೆರಡು ಪೀಪಾಯಿ ಹುಡುಕಿ ಕೊಂಡು, ಯಾವುದಕ್ಕೂ ಬೆರೆಸದೆ ಬಾಟಲಿಗೆ ತುಂಬುತ್ತಾರೆ. ಸಾಂತ್ ಊರಿನ ಗ್ರೊಸ್ಪೆರಾಂ ಇಂಥ ಕೆಲಸಕ್ಕೆ ಹೆಸರಾದ ಕಂಪನಿ. ಅದನ್ನು ಶುರು ಮಾಡಿದವರು ಮೊದಲು ಕೊನ್ಯಾಕ್ ದಲ್ಲಾಳಿಯಾಗಿದ್ದವರು. ಯಾರ ಮಾಳಿಗೆಯಲ್ಲಿ ಏನಿದೆ ಅಂತ ದಲ್ಲಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಇಂಥ ಬಾಟಲಿಗಳ ಮೇಲೆ ‘ಲಾಟ್ 68’ ಅಂತ ಬರೆದಿದ್ದರೆ ಗಾಬರಿ ಬೇಡ. ಲೇಬಲ್ ಮೇಲೆ ಇಸವಿ ಹಾಕಬೇಕಾದರೆ ಆ ಪೀಪಾಯಿಯ ವಯಸ್ಸಿಗೆ ಪಕ್ಕಾ ದಾಖಲೆ ಇರಬೇಕು. ಹಳ್ಳಿಯ ಮಾಳಿಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ವರ್ಷ ಕಾನೂನಿಗೆ ಸಾಲದು. ಅದಕ್ಕೇ ಬಾಟ್ಲರ್‌ಗಳು 1968ರದ್ದು ಅಂತ ನೇರ ಹೇಳದೆ ಲಾಟ್ ಸಂಖ್ಯೆಯಲ್ಲಿ ಸುಳಿವು ಕೊಡುತ್ತಾರೆ. ತೀರಾ ಹಳೆಯ ಮದ್ಯವಾದರೆ ಕಾರ್ಬನ್-14 ಪರೀಕ್ಷೆಯೂ ಇದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಏರಿತು. ಆಮೇಲಿನ ದಶಕಗಳಲ್ಲಿ ಬೆಳೆದ ದ್ರಾಕ್ಷಿಯಲ್ಲಿ ಆ ಗುರುತು ಇರುತ್ತದೆ. ಹಳೆಯದು ಅನ್ನುವ ಮದ್ಯದಲ್ಲಿ ಅದು ಇಲ್ಲದಿದ್ದರೆ, ಅದು ಆ ಪರೀಕ್ಷೆಗಳಿಗೂ ಹಿಂದಿನದಿರಬಹುದು.

ಈಗ ಗ್ಲಾಸಿಗೆ ಬರೋಣ. ಸಿನಿಮಾದಲ್ಲಿ ತೋರಿಸುವ ದೊಡ್ಡ ಹೊಟ್ಟೆಯ ಗ್ಲಾಸು ಬೇಡ, ಅದರಲ್ಲಿ ಆಲ್ಕೋಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಬಾಯಿ ಕಿರಿದಾದ, ಟುಲಿಪ್ ಆಕಾರದ ಗ್ಲಾಸು ಸಾಕು. ಒಂದೊಂದಕ್ಕೆ 15 ಮಿಲಿ ಸುರಿದು ಅರ್ಧ ಗಂಟೆ ಹಾಗೇ ಬಿಡಿ. ಹಳೇ ಕೊನ್ಯಾಕ್ ಅವಸರದಲ್ಲಿ ಏನನ್ನೂ ಬಿಟ್ಟುಕೊಡುವುದಿಲ್ಲ. ಸಾಲಿನಲ್ಲಿ ಮೃದುವಾದದ್ದು ಮೊದಲು, ಆಲ್ಕೋಹಾಲ್ ಶೇಕಡಾವಾರು ಜಾಸ್ತಿ ಇರುವುದು ಕೊನೆಗೆ.

ನಾನು ಇಷ್ಟಪಟ್ಟು ಜೋಡಿಸುವ ಸಾಲು ಹೀಗಿರುತ್ತದೆ: ಮೂವತ್ತು ವರ್ಷದ ಆಸುಪಾಸಿನ ಫಾಂ ಬ್ವಾ, ನಲವತ್ತೈದರ ಪೆತಿತ್ ಶಾಂಪೇನ್, ಐವತ್ತು ದಾಟಿದ ಗ್ರಾಂದ್ ಶಾಂಪೇನ್. ಕೊನ್ಯಾಕ್ ಸೀಮೆಯ ಆರು ವಲಯಗಳಲ್ಲಿ ಇವು ಮೂರು. ಇಲ್ಲಿನ ಶಾಂಪೇನ್‌ಗೂ ನೊರೆ ಬರುವ ವೈನಿಗೂ ಸಂಬಂಧವಿಲ್ಲ. ಸುಣ್ಣದ ಮಣ್ಣಿನ ನೆಲ ಅಂತ ತಿಳಿದರೆ ಸಾಕು. ಆ ಮಣ್ಣಿನ ಮದ್ಯ ಮಾಗಲು ನಿಧಾನ, ಫಾಂ ಬ್ವಾದ್ದು ಬೇಗ ಮಾಗುತ್ತದೆ.

ಫಾಂ ಬ್ವಾದಲ್ಲಿ ಹಣ್ಣು ಎದ್ದು ಕಾಣುತ್ತದೆ: ಏಪ್ರಿಕಾಟ್, ಒಣದ್ರಾಕ್ಷಿ, ಮಾಗಿದ ಅನಾನಸ್. ಪೆತಿತ್ ಶಾಂಪೇನ್‌ಗೆ ಬಂದಾಗ ಹಣ್ಣಿನ ಕೆಳಗೆ ಅಕ್ರೋಟು, ಅಣಬೆ, ಹಳೇ ಚರ್ಮದ ವಾಸನೆ ಸೇರಿಕೊಂಡಿರುತ್ತದೆ. ಇದಕ್ಕೆ ಅಲ್ಲಿಯವರು ರಾನ್ಸಿಯೊ ಅನ್ನುತ್ತಾರೆ. ಮದ್ಯದಲ್ಲಿರುವ ಕೊಬ್ಬಿನ ಆಮ್ಲಗಳು ವರ್ಷಗಟ್ಟಲೆ ಗಾಳಿಯ ಸಂಪರ್ಕದಲ್ಲಿ ಕೀಟೋನ್‌ಗಳಾಗಿ ಬದಲಾಗುವುದರಿಂದ ಹುಟ್ಟುವ ಘಮ ಅದು. ಹತ್ತು ವರ್ಷದಲ್ಲಿ ಸಣ್ಣಗೆ ಶುರುವಾಗಿ, ಇಪ್ಪತ್ತು ದಾಟಿದ ಮೇಲೆ ತುಂಬಿಕೊಳ್ಳುತ್ತದೆ. ಸಕ್ಕರೆ ಹಾಕಿ, ಬಣ್ಣ ಹಾಕಿ ಇದನ್ನು ತರೋಕಾಗಲ್ಲ. ಹಳೇ ಕೊನ್ಯಾಕ್‌ಗೆ ದುಡ್ಡು ಕೊಡುವುದೇ ಇದಕ್ಕೆ ಅಂತ ನಾನು ನಂಬಿದ್ದೇನೆ.

ಗ್ರಾಂದ್ ಶಾಂಪೇನ್‌ನಲ್ಲಿ ತೀರ್ಪು ಕಷ್ಟ. ಮೂಗಿಗೆ ಗಂಧದ ಪೆಟ್ಟಿಗೆ, ಒಣ ಹೂವು, ಕಿತ್ತಳೆ ಸಿಪ್ಪೆ, ಎಲ್ಲ ಸೊಗಸು. ಆದರೆ ಬಾಯಿಗಿಟ್ಟು ನುಂಗಿದ ಮೇಲೆ ನಾಲಿಗೆಯ ಎರಡೂ ಬದಿ ಗಮನಿಸಿ. ಜಾಸ್ತಿ ಕುದಿಸಿದ ಚಹಾದ ಹಾಗೆ ಒಗರು ಹಿಡಿದುಕೊಂಡರೆ ಮರ ಗೆದ್ದಿದೆ ಅಂತಲೇ ಅರ್ಥ. ನಾಲ್ಕು ಹನಿ ನೀರು ಹಾಕಿ ನೋಡಿ. ಹಣ್ಣು ಮೇಲೆದ್ದರೆ ಸರಿ, ಕಹಿ ಮೇಲೆದ್ದರೆ ಆ ಪೀಪಾಯಿಯನ್ನು ಎಷ್ಟೋ ವರ್ಷ ಮೊದಲೇ ಖಾಲಿ ಮಾಡಬೇಕಿತ್ತು. ಒಳ್ಳೆಯ ಮಾಳಿಗೆಯವರು ಆ ಹಂತ ಬರುವ ಮುಂಚೆಯೇ ಮದ್ಯವನ್ನು ದೊಡ್ಡ ಗಾಜಿನ ಬುರುಡೆಗಳಿಗೆ ಸುರಿದಿಡುತ್ತಾರೆ. ಗಾಜಿನಲ್ಲಿ ವಯಸ್ಸು ಏರುವುದಿಲ್ಲ.

ಇನ್ನು ಸಿಹಿ. ಕೊನ್ಯಾಕ್‌ಗೆ ಒಂದು ಮಿತಿಯಲ್ಲಿ ಸಕ್ಕರೆ, ಕ್ಯಾರಮೆಲ್, ಓಕ್ ಚಕ್ಕೆಯ ಕಷಾಯ ಸೇರಿಸಲು ಕಾನೂನೇ ಒಪ್ಪಿಗೆ ಕೊಡುತ್ತದೆ. ಅನುಮಾನ ಬಂದರೆ ನಾನು ಆಲ್ಕೋಹಾಲ್ ಮೀಟರ್ ತೆಗೆಯುತ್ತೇನೆ. ಮದ್ಯವನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಉದ್ದನೆಯ ಗಾಜಿನ ಕೊಳವೆಗೆ ಸುರಿದು ಮೀಟರ್ ತೇಲಿಬಿಡಬೇಕು. ಲೇಬಲ್ ಶೇ. 40 ಅಂದು ಮೀಟರ್ ಶೇ. 38 ತೋರಿಸಿದರೆ, ಕರಗಿದ ಏನೋ ದ್ರವವನ್ನು ಸಾಂದ್ರ ಮಾಡಿದೆ. ಮರದ ಸತ್ವವೂ ಸ್ವಲ್ಪ ವ್ಯತ್ಯಾಸ ತರುತ್ತದೆ. ಹಾಗಾಗಿ ಸಣ್ಣ ಅಂತರಕ್ಕೆ ಯಾರನ್ನೂ ದೂರಬೇಡಿ. ಒಳ್ಳೆಯ ಸ್ವತಂತ್ರ ಬಾಟ್ಲರ್‌ಗಳು ಏನೂ ಸೇರಿಸದೆ, ಎಷ್ಟೋ ಸಲ ನೀರನ್ನೂ ಸೇರಿಸದೆ ತುಂಬುತ್ತಾರೆ. ತೇವದ ಮಾಳಿಗೆಯಲ್ಲಿ ದಶಕಗಳ ಕಾಲ ಇದ್ದ ಮದ್ಯ ತಾನಾಗಿಯೇ ಶೇ. 45ರ ಹತ್ತಿರ ಇಳಿದಿರುತ್ತದೆ. ಒಣ ಮಾಳಿಗೆಯಲ್ಲಿ ನೀರೇ ಬೇಗ ಆರುವುದರಿಂದ ಘಾಟು ಉಳಿದು, ಮದ್ಯ ಚೂಪಾಗಿರುತ್ತದೆ.

ಬೆಂಗಳೂರಿನಲ್ಲೂ ಪೀಪಾಯಿಯಲ್ಲಿ ಐವತ್ತು ವರ್ಷ ಇಡಬಹುದಲ್ವಾ ಅಂತ ಗೆಳೆಯರು ಕೇಳುತ್ತಾರೆ. ಆಗಲ್ಲ. ಕೊನ್ಯಾಕ್ ಸೀಮೆಯಲ್ಲಿ ಪೀಪಾಯಿಯಿಂದ ಆರಿ ಹೋಗುವುದು ವರ್ಷಕ್ಕೆ ಸುಮಾರು ಶೇ. 2. ನಮ್ಮ ಹವೆಯಲ್ಲಿ ಅದು ಶೇ. 10ರ ಮೇಲೆ. ಅರ್ಧ ಶತಮಾನ ಕಾದರೆ ಖಾಲಿ ಪೀಪಾಯಿಯೇ ಗತಿ.

ನನ್ನ ಸಾಲಿನ ಆ ಮೂರರಲ್ಲಿ ನನ್ನ ಸ್ವಂತ ದುಡ್ಡು ಹೋಗುವುದು ಸಾಮಾನ್ಯವಾಗಿ ಪೆತಿತ್ ಶಾಂಪೇನ್‌ಗೆ. ರಾನ್ಸಿಯೊ ಬಂದಿರುತ್ತದೆ, ಹಣ್ಣೂ ಉಳಿದಿರುತ್ತದೆ, ಬೆಲೆಯೂ ಗ್ರಾಂದ್ ಶಾಂಪೇನ್‌ನಷ್ಟು ಏರಿರುವುದಿಲ್ಲ. ನೀವು ಕೊಳ್ಳುವವರಾದರೆ ಅಂಗಡಿಯವರನ್ನು ಇಷ್ಟು ಕೇಳಿ: ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು, ಗಾಜಿಗೆ ಯಾವಾಗ ಹೋಯಿತು, ನೀರು ಸೇರಿದೆಯಾ, ಸಕ್ಕರೆ ಸೇರಿದೆಯಾ. ಉತ್ತರ ತಡವರಿಸಿದರೆ ಬಾಟಲಿ ವಾಪಸ್ ಕಪಾಟಿಗೆ ಹೋಗಲಿ.